ಅವಸರದ ಸಾಕ್ಷಿ

ನಾನು ಹುಟ್ಟಾ ಅವಸರದವಳು. ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಬಂದು ನಿಲ್ಲುತ್ತೇನೆ, ಅನ್ನ ಬೇಯುವ ಮೊದಲೇ ತಾಟು ಇಡುತ್ತೇನೆ. ದೇವರ ವಿಷಯದಲ್ಲೂ ಅದನ್ನೇ ಮಾಡಿದೆ.

ಮೂಡಲಗಿಯಲ್ಲಿ ನಮ್ಮದೊಂದು ಸಣ್ಣ ಕ್ರೈಸ್ತ ಸಭೆ. ತಗಡಿನ ಮಾಡು, ಮೂವತ್ತು ನಲವತ್ತು ಮಂದಿ. ಭಾನುವಾರದ ಆರಾಧನೆಯ ನಡುವೆ ಸಾಕ್ಷಿ ಹೇಳುವ ಹೊತ್ತು ಬರುತ್ತದೆ. ದೇವರು ತಮಗೇನು ಒಳ್ಳೆಯದು ಮಾಡಿದ ಎಂಬುದನ್ನು ಎದ್ದು ನಿಂತು ಹೇಳುವುದು. ಮುಗಿದ ಕೂಡಲೇ ಎಲ್ಲರೂ ಒಂದೇ ದನಿಯಲ್ಲಿ ‘ಸ್ತೋತ್ರ’ ಅನ್ನುವುದು. ಒಬ್ಬರಿಗೆ ಜ್ವರ ಬಿಟ್ಟಿರುತ್ತದೆ, ಇನ್ನೊಬ್ಬರಿಗೆ ಕಳೆದ ಎಮ್ಮೆ ಸಿಕ್ಕಿರುತ್ತದೆ. ನನ್ನ ಹತ್ತಿರ ಹೇಳಲು ಏನೂ ಇರುತ್ತಿರಲಿಲ್ಲ. ಎಮ್ಮೆ ಸಿಕ್ಕವಳ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಗಂಡ ಬೋರ್ಡ್ ಬರೆಯುವವರು. ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ಟ್ರ್ಯಾಕ್ಟರಿನವರು ಅವರ ಮುಂದೆ ಸಾಲುಗಟ್ಟುತ್ತಿದ್ದರು. ಟ್ರೇಲರಿನ ಹಿಂದೆ ‘ತಾಯಿಯ ಆಶೀರ್ವಾದ’ ಅಂತ ಬರೆಸಲು. ಬಣ್ಣದ ಬಗ್ಗೆ ಭಾರೀ ಜಿಗುಟು. ನಾನು ಹಸಿರು ಅಂದರೆ ಸಾಲದು. “ಎಂಥಾ ಹಸರ? ಗಿಳಿ ಹಸರೋ, ಎಲಿ ಹಸರೋ?” ಅಂತ ಜೀವ ತಿನ್ನುತ್ತಿದ್ದರು.

ಅಂಥವರ ಕಣ್ಣಿಗೆ ಸಕ್ಕರೆ ಕಾಯಿಲೆ ಬಂದು ಕೂತಿತು. ಒಂದೇ ವರ್ಷದಲ್ಲಿ ಎರಡೂ ಕಣ್ಣು ಮಂಜಾದವು. ಗೋಕಾಕದಲ್ಲಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಎಂಟು ದಿನಕ್ಕೆ ಅವರು ಗೋಡೆಯ ಕ್ಯಾಲೆಂಡರಿನ ದೊಡ್ಡ ಅಂಕಿಗಳನ್ನು ಓದಿದರು. “ಇನ್ನೂ ಸ್ವಲ್ಪ ದಿನ ಕಾದು ನೋಡೂಣ್ರಿ,” ಅಂದಿದ್ದರು ಡಾಕ್ಟರು. ನಾನೆಲ್ಲಿ ಕಾಯಲಿ? ಆ ಭಾನುವಾರವೇ ಎದ್ದು ನಿಂತು, ದೇವರು ನನ್ನ ಗಂಡನಿಗೆ ಕಣ್ಣು ಕೊಟ್ಟ ಅಂತ ಅತ್ತುಕೊಂಡು ಹೇಳಿದೆ. ತಗಡು ನಡುಗುವಂತೆ ಸ್ತೋತ್ರ ಕೇಳಿತು. ನಮ್ಮ ಪಾಸ್ಟರ್ ಅಂತೂ, ಮುಂದಿನ ತಿಂಗಳು ಹುಕ್ಕೇರಿಯಲ್ಲಿ ನಾಲ್ಕಾರು ಊರಿನ ಸಭೆಗಳು ಸೇರುವ ಕೂಟದಲ್ಲೂ ಈ ಸಾಕ್ಷಿ ಹೇಳಬೇಕು ಅಂದುಬಿಟ್ಟರು. ನಾನು ನೆಲದ ಮೇಲೆ ಇರಲಿಲ್ಲ.

ಆ ತಿಂಗಳು ಪೂರ್ತಿ ನನ್ನ ಗಂಡ ನನ್ನ ಸೀರೆ ಹೊಗಳಿದ್ದೇ ಹೊಗಳಿದ್ದು. “ನೀಲಿ ಸೀರಿ ಒಪ್ಪತೈತಿ,” “ಇವತ್ತ ಹಳದಿ ಉಟ್ಟೀಯಲ್ಲಾ.” ಎಂಥಾ ನೀಲಿ ಎಂದು ಒಮ್ಮೆಯೂ ಕೇಳಲಿಲ್ಲ. ಅದು ನನ್ನ ತಲೆಗೆ ಹೊಳೆಯಬೇಕಿತ್ತು.

ಹುಕ್ಕೇರಿಗೆ ಹೊರಡುವ ದಿನ ಬೆಳಿಗ್ಗೆ ಹಸಿರು ಸೀರೆ ಉಟ್ಟು ಬಟ್ಟೆ ಒಣಹಾಕಿ ಬಂದೆ. ಒಳಗೆ ಬಂದವಳು ಪಾತ್ರೆಯ ಚಹಾ ಮೈಮೇಲೆ ಚೆಲ್ಲಿಕೊಂಡು, ಅವಸರಕ್ಕೆ ಕೆಂಪು ಸೀರೆ ಸುತ್ತಿಕೊಂಡೆ. ಅಷ್ಟರಲ್ಲಿ ಅವರು ಹಿತ್ತಿಲಿನಿಂದ ಗೋಡೆ ಹಿಡಿದು ಬಂದು ನಕ್ಕರು.

“ಹಸರ ಸೀರಿ ಭಾಳ ಒಪ್ಪತೈತಿ ನೋಡ.”

ಚೇಷ್ಟೆ ಅಂದುಕೊಂಡು ನಾನೂ ನಕ್ಕೆ. ಆಮೇಲೆ ಸದ್ದು ಮಾಡದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಅವರು ನಾನು ಮೊದಲು ನಿಂತಿದ್ದ ಜಾಗಕ್ಕೇ ನಗುತ್ತಿದ್ದರು.

ಹಿತ್ತಿಲಿಗೆ ಬಂದರೆ ಗೋಡೆಯಾಚೆ ಪಕ್ಕದ ಮನೆಯ ಚಾಚಿ ನಿಂತಿದ್ದರು. ನನ್ನ ಮುಖ ನೋಡಿದ್ದೇ ಸೆರಗು ಬಾಯಿಗೆ ಒತ್ತಿಕೊಂಡರು.

“ದಿನಾ ನನ್ನ ಕೇಳ್ತಿದ್ರವ್ವಾ, ಇವತ್ತ ಯಾವ ಬಣ್ಣದ್ದು ಉಟ್ಟಾಳ ಅಂತ. ನಾ ಹೇಳ್ತಿದ್ದೆ. ನೀ ಸೀರಿ ಬದಲ ಮಾಡಿದ್ದ ನನಗೇನ ಗೊತ್ತು?”

ನಾನು ಸಾಕ್ಷಿ ಹೇಳಿದ ನಾಲ್ಕೇ ದಿನಕ್ಕೆ ಕಣ್ಣೊಳಗೆ ರಕ್ತ ಇಳಿದು ಮತ್ತೆ ಕತ್ತಲಾಗಿತ್ತಂತೆ. ಕೆಲಸವಿದೆ ಎಂದು ನನಗೆ ಹೇಳಿ, ಚಾಚಿಯ ಗಂಡನ ಜೊತೆ ಗೋಕಾಕಕ್ಕೆ ಹೋಗಿ ತೋರಿಸಿಕೊಂಡೂ ಬಂದಿದ್ದರು. ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ಕೈಬಿಟ್ಟಿದ್ದರು.

“ನನಗ್ಯಾಕ ಹೇಳಲಿಲ್ರಿ?” ಎಂದು ಒಳಗೆ ಬಂದು ಗಂಡನನ್ನು ಕೇಳಿದೆ.

“ನೀ ಮಂದ್ಯಾಗ ಎದ್ದ ನಿಂತ ಹೇಳಿದ್ದಿ. ನಿನ್ನ ಮಾತ ಸುಳ್ಳಾಗಬಾರದು ಅನಿಸ್ತು.”

ನನಗೆ ಅವರ ಮೇಲೆ ಬಂದ ಸಿಟ್ಟು ಅರ್ಧ, ದೇವರ ಮೇಲೆ ಬಂದದ್ದು ಪೂರ್ತಿ. ಸೃಷ್ಟಿಯ ಮೊದಲ ದಿನ ದೇವರು ಬೆಳಕು ಮಾಡಿದ, ಅದು ಅವನಿಗೇ ಚೆಂದ ಕಂಡಿತು ಎಂದು ಸಭೆಯ ಮಕ್ಕಳಿಗೆ ಕಲಿಸುವವಳು ನಾನೇ. ಅಷ್ಟೊಂದು ಬೆಳಕು ಮಾಡಿದವನಿಗೆ ಬಣ್ಣ ಬಳಿದು ಬದುಕುವ ಒಬ್ಬ ಮನುಷ್ಯನಿಗೆ ಒಂದಿಷ್ಟು ಉಳಿಸಲಾಗಲಿಲ್ಲವೇ? ಹುಕ್ಕೇರಿಗೆ ಬರುವುದಿಲ್ಲ, ಇನ್ನು ಸಭೆಗೂ ಬರುವುದಿಲ್ಲ ಎಂದು ನೆಲಕ್ಕೆ ಕೂತುಬಿಟ್ಟೆ. ಅವರು ತಡವರಿಸುತ್ತಾ ಬಂದು ಪಕ್ಕದಲ್ಲಿ ಕೂತರು.

“ಯೇಸುಸ್ವಾಮಿ ಶಿಲುಬಿಯಿಂದ ಇಳದ ಬಂದಿದ್ರ ಎಷ್ಟ ದೊಡ್ಡ ಸಾಕ್ಷಿ ಆಗತಿತ್ತ ಹೇಳು. ಕೆಳಗ ನಿಂತವರೂ ‘ಇಳದ ಬಾ, ನಂಬತೀವಿ’ ಅಂದ್ರು. ಇಳದ ಬರಲಿಲ್ಲ. ಸತ್ತ ಎದ್ದ ಮ್ಯಾಲೂ ಕೈಯಾಗಿನ ಗಾಯ ಹಂಗ ಇದ್ದವು. ನನ್ನ ಕಣ್ಣ ಯಾಕ ಹ್ವಾದವು ಅಂತ ನನಗೂ ಗೊತ್ತಿಲ್ಲ. ಆದ್ರ ನೋವು ಅಂದ್ರೇನಂತ ಅವಗ ನಾ ಹೇಳಿಕೊಡಬೇಕಾಗಿಲ್ಲ.”

ನನಗೆ ಸಮಾಧಾನವಾಯಿತು ಎನ್ನಲಾರೆ. ಆದರೆ ಎದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನು ಕೂತು ಕಂಡದ್ದನ್ನೆಲ್ಲ ಅವರಿಗೆ ಹೇಳುತ್ತಾ ಹೋದೆ. ಹೊಳೆಗೆ ಒಡ್ಡು ಕಟ್ಟಿದ ಧುಪದಾಳದ ಹತ್ತಿರ ಬಂದಾಗ “ಒಡ್ಡಿನ ಮ್ಯಾಲಿಂದ ನೀರ ಬೀಳಾಕತ್ತಾವ?” ಅಂತ ಕೇಳಿದರು. ಬಸ್ಸಿನಿಂದ ಒಡ್ಡು ನನಗೆ ಕಾಣಲಿಲ್ಲ. ಕಾಣುವುದಿಲ್ಲ ಎಂದೇ ಹೇಳಿದೆ. ಇನ್ನು ಮೇಲೆ ನಮ್ಮಿಬ್ಬರ ನಡುವೆ ಸುಳ್ಳು ಬೇಡ ಅನಿಸಿತ್ತು.

ಹುಕ್ಕೇರಿಯ ಕೂಟದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನನ್ನ ಸರದಿ ಬಂದಾಗ ಎದ್ದು ನಿಂತೆ.

“ನಾ ಮೂಡಲಗ್ಯಾಗ ಹೇಳಿದ್ದು ಅವಸರದ ಸಾಕ್ಷಿರಿ. ನಮ್ಮ ಮನಿಯವರಿಗೆ ಕಣ್ಣ ಕಾಣೂದಿಲ್ಲ. ನನ್ನ ಮಾತ ಉಳಸಾಕ ಒಂದ ತಿಂಗಳ ಕಾಣಾವರಂಗ ನಡಕೊಂಡಾರ. ನನಗ ದೇವರ ಮ್ಯಾಲ ಸಿಟ್ಟೈತಿ. ಆದ್ರೂ ಬಂದೇನಿ, ಬ್ಯಾರೆ ಯಾರ ಕಡೆ ಹೋಗ್ಲಿ?”

ಯಾರೂ ಸ್ತೋತ್ರ ಅನ್ನಲಿಲ್ಲ. ನಾನು ಕೂತುಬಿಡೋಣ ಎನ್ನುವಷ್ಟರಲ್ಲಿ ಗಂಡಸರ ಕಡೆಯಿಂದ ಒಂದೇ ಒಂದು ದನಿ ಕೇಳಿತು. ನನ್ನ ಗಂಡ ಎದ್ದು ನಿಂತಿದ್ದರು, ಮುಖ ಗೋಡೆಯ ಕಡೆ ಇತ್ತು. “ಸ್ತೋತ್ರ,” ಅಂದರು. ಆಮೇಲೆ ಒಬ್ಬೊಬ್ಬರೇ ಅಂದರು, ಮೆಲ್ಲಗೆ.

ಊಟಕ್ಕೆ ಕೂತಾಗ ಅವರ ತಾಟಿನಲ್ಲಿ ರೊಟ್ಟಿ ಮುರಿದು ಇಟ್ಟು, ಪಲ್ಯ ಯಾವ ಬದಿಗಿದೆ ಎಂದು ಬೆರಳು ಹಿಡಿದು ತೋರಿಸಿದೆ. ಅವರು ಒಂದು ತುತ್ತು ತಿಂದು, ನನ್ನ ಸೆರಗಿನ ತುದಿ ಹಿಡಿದು ಕೇಳಿದರು.

“ಖರೆ ಹೇಳು, ಇವತ್ತ ಯಾವದ ಉಟ್ಟೀ?”

“ಕೆಂಪು.”

“ಎಂಥಾ ಕೆಂಪು?”

ಮದುವೆಯಾಗಿ ಇಪ್ಪತ್ತು ವರ್ಷ ಆ ಪ್ರಶ್ನೆಗೆ ಬೇಜಾರು ಮಾಡಿಕೊಂಡಿದ್ದವಳು ಈಗ ಸೀರೆಯನ್ನು ಬೆಳಕಿಗೆ ಹಿಡಿದು ಸರಿಯಾಗಿ ನೋಡಿದೆ.

“ಒಣ ಮೆಣಸಿನಕಾಯಿ ಕೆಂಪರಿ. ಅಂಚು ಒಂದೀಟು ಕಪ್ಪ.”

ಅವರು ಸೆರಗಿನ ಅಂಚಿನ ಮೇಲೆ ಬೆರಳಾಡಿಸಿದರು. “ಹಂಗಾದ್ರ ಒಪ್ಪತೈತಿ,” ಅಂದರು.