ಕಡೆಯ ಸಾಲಿನ ಬಟ್ಟಲು

ಜೀವರತ್ನ ಪಾಸ್ಟರು ಗಂಗಾವತಿ ಸೀಮೆಯ ಆ ಸಣ್ಣ ಊರಿನ ಚರ್ಚಿಗೆ ಬಂದದ್ದೇ ಬದಲಾವಣೆಯ ಹುಚ್ಚು ಹತ್ತಿಸಿಕೊಂಡು. "ಕಾಲ ಬದಲಾಗೇತ್ರಿ, ಸಭಿನೂ ಬದಲಾಗ್ಬೇಕು" ಎನ್ನದೆ ಅವರು ಚಹಾ ಕೂಡ ಕುಡಿಯುವುದಿಲ್ಲ. ಚಾಪೆ ಹೋಗಿ ಕುರ್ಚಿ ಬಂದವು, ಡೋಲಕ್ಕು ಹೋಗಿ ಕೀಬೋರ್ಡು ಬಂತು, ಗಂಟೆಯ ಕೆಲಸವನ್ನು ವಾಟ್ಸಾಪ್ ಹಿಡಿಯಿತು; ಬಿಟ್ಟರೆ ಶಿಲುಬೆಗೂ ಬಣ್ಣದ ದೀಪ ಸುತ್ತಿಯಾರು! ಕೆಟ್ಟವರೆನ್ನುವಂತಿಲ್ಲ, ಯಾರಿಗೆ ಜ್ವರ ಬಂದರೂ ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಆದರೆ ಭತ್ತದ ನಾಟಿಗೆ ಹೋಗುವ ಕರುಣಮ್ಮನಿಗೆ ಮೈಯೆಲ್ಲ ಉರಿಯುವುದು ಪ್ರಭುಭೋಜನದ ದಿನ. ಕುರ್ಚಿ ಹೊಸವಾದರೇನು, ಆಕೆಯ ಕೆಳಗಿನ ಕೇರಿಯವರ ಸಾಲು ಇವತ್ತಿಗೂ ಹಿಂದೆಯೇ. ದ್ರಾಕ್ಷಾರಸದ ಬಟ್ಟಲು ಮೇಲಿನ ಓಣಿಯವರೆಲ್ಲರ ತುಟಿ ಮುಟ್ಟಿದ ಮೇಲೆಯೇ ಅವರ ಬಳಿ ಬರಬೇಕು. "ಇದನ್ನ ಯಾವಾಗ ಬದಲಾಯಿಸ್ತೀರಿ ಅಯ್ಯನೋರ?" ಎಂದು ಆಕೆ ಮುಖಕ್ಕೇ ಕೇಳಿದರೆ, "ಅದು ಹಿರೇರ ಕಾಲದಿಂದ ನಡ್ಕೊಂಡು ಬಂದದ್ದವ್ವಾ, ಸ್ವಲ್ಪ ತಡಿ" ಎನ್ನುತ್ತ ಮೈಕಿನ ವೈರು ಸುತ್ತತೊಡಗುತ್ತಾರೆ. ಎಂಥ ಹೇಡಿ ಮನುಷ್ಯ ಎಂದು ಆಕೆ ಹಲ್ಲು ಕಡಿಯುತ್ತಿದ್ದಳು, ಕುಷ್ಟಗಿ ಕಡೆಯ ಅಂಥದೇ ಒಂದು ಕೆಳಗಿನ ಕೇರಿಯಿಂದ ಪಾಸ್ಟರ ತಾಯಿ ಬಂದ ಆ ಭಾನುವಾರದ ತನಕ. ಮುದುಕಿ ಮುಂದಿನ ಖಾಲಿ ಕುರ್ಚಿಗಳತ್ತ ಕಣ್ಣೂ ಹಾಯಿಸದೆ, ಯಾರೂ ಹೇಳದೆಯೇ, ಕಡೆಯ ಸಾಲಿಗೆ ಬಂದು ಕರುಣಮ್ಮನ ಪಕ್ಕ ಕುಳಿತಳು. ಪಾಸ್ಟರು ಎಲ್ಲರಿಗೂ ಕೊಟ್ಟು ಕಟ್ಟಕಡೆಗೆ ಬಟ್ಟಲು ತಂದು, ಹೆತ್ತವಳ ಮುಖ ನೋಡಲಾರದೆ ನಿಂತರು. ಅವಳು ಮಗನ ಕೈಗೆ ತನ್ನ ಕೈ ಆನಿಸಿ, ಮೆಲ್ಲಗೆ ಅಂದಳು: "ಕೊಡೋ ಯಪ್ಪಾ, ನನಗ ರೂಢಿ ಐತಿ."