ಸವತಿಗೆ ಎರೆದ ಎಣ್ಣೆ

ನನಗೊಬ್ಬಳು ಸವತಿಯಿದ್ದಳು. ಕಬ್ಬಿಣದವಳು. ಮೊಳೆ ಹೊಡೆಯುವ ಗಾಳಿಬಂದೂಕು.

ಐವತ್ತರ ದಶಕದ ಕೊನೆ. ನಮ್ಮವರು ವಡಾಲದ ಒಂದು ಕಾರ್ಖಾನೆಯಲ್ಲಿ ಬಡಗಿ. ಹಡಗಿಗೆ ಹೋಗುವ ಸಾಮಾನಿಗೆ ಮರದ ಪೆಟ್ಟಿಗೆ ಮಾಡುವ ಕೆಲಸ. ಸೇಠ್ ವಿಲಾಯತಿಯಿಂದ ಆ ಬಂದೂಕು ತರಿಸಿ, ಅಷ್ಟು ಜನರಲ್ಲಿ ಇವರ ಕೈಗೇ ಕೊಟ್ಟ. ಅಂದಿನಿಂದ ಮನೆಯಲ್ಲಿ ಅದರದ್ದೇ ಮಾತು. ಪಂಪಿನಿಂದ ಗಾಳಿ ಬರುತ್ತದಂತೆ, ಬೆರಳು ಒತ್ತಿದರೆ ಸಾಕಂತೆ, ಮೊಳೆ ಒಂದೇ ಏಟಿಗೆ ತಲೆವರೆಗೂ ಇಳಿಯುತ್ತದಂತೆ. ನಾನು ಉಟ್ಟ ಸೀರೆಯ ಬಣ್ಣ ಕೇಳಿದರೆ ತಡವರಿಸುವ ಮನುಷ್ಯ ಅದರ ಒಂದೊಂದು ಸ್ಕ್ರೂವನ್ನೂ ಬಣ್ಣಿಸುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಚಳಿ ಶುರುವಾದ ಮೇಲೆ ಬಂದೂಕು ಹಟ ಹಿಡಿಯಿತು. ಬೆಳಿಗ್ಗೆ ಒತ್ತಿದರೆ ಬರೀ ಗಾಳಿ, ಮೊಳೆ ಬಾಯಿಗೇ ಬರದು. ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಸರಿ. ನನಗೆ ಒಳಗೊಳಗೇ ಖುಷಿ. ಇವರು ಗಾಳಿಯ ಒತ್ತಡ ನೋಡಿದರು, ಚರ್ಮದ ವಾಷರು ಬದಲಿಸಿದರು, ಮೊಳೆಯ ಸಾಲನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗನ್ನೂ ಹೊಸದು ಹಾಕಿದರು. ಉಪಯೋಗವಾಗಲಿಲ್ಲ. ಶನಿವಾರ ಸೇಠ್ ಹೇಳಿಯೇಬಿಟ್ಟ: ಸೋಮವಾರ ಬೆಳಿಗ್ಗೆ ಸರಿಯಾಗಿ ಹೊಡೆಯದಿದ್ದರೆ ಬಂದೂಕು ಕಾಂದಿವಲಿಯಿಂದ ಬರುವ ಇನ್ನೊಬ್ಬ ಬಡಗಿಗೆ, ಇವರಿಗೆ ಮತ್ತೆ ಸುತ್ತಿಗೆ.

ಆ ಸಂಜೆ ಅದನ್ನು ಮನೆಗೇ ಹೊತ್ತು ತಂದರು. ಚಾಳಿನ ಒಂದೇ ಕೋಣೆ ನಮ್ಮದು. ನನ್ನ ಹಳೆಯ ಸೀರೆಯ ಮೆತ್ತನೆ ತುಂಡು ಹಾಸಿ, ನನ್ನ ಹಾಸಿಗೆ ಸುರುಳಿಯ ಪಕ್ಕದಲ್ಲೇ ಮಲಗಿಸಿದರು. ಬಾಗಿ ನೋಡಿದೆ. ಮೂಗಿಗೆ ಮಲ್ಲಿಗೆಯ ವಾಸನೆ ಬಡಿಯಿತು.

ಅದು ನನ್ನ ತಲೆಗೆ ಹಚ್ಚುವ ಎಣ್ಣೆ. ಉಡುಪಿಯಿಂದ ಅಮ್ಮ ಮಲ್ಲಿಗೆ ಹಾಕಿ ಕಾಯಿಸಿ ಕಳಿಸುವ ತೆಂಗಿನೆಣ್ಣೆ. ಬಾಟಲಿ ಯಾಕೆ ಅಷ್ಟು ಬೇಗ ಇಳಿಯುತ್ತಿತ್ತೆಂದು ಆಗ ತಿಳಿಯಿತು.

"ಇದಕ್ಕೆ ನನ್ನ ಎಣ್ಣೆ ಹಾಕಿದ್ದಾ?"

"ಒಳ್ಳೆ ಎಣ್ಣೆ ಅಲ್ವಾ ಮಾರಾಯ್ತಿ. ಊರಲ್ಲಿ ಗರಗಸಕ್ಕೆ, ಬಾಗಿಲಿಗೆ, ಎಲ್ಲದಕ್ಕೂ ತೆಂಗಿನೆಣ್ಣೆಯೇ ಹಾಕುದಲ್ವಾ? ಸಿಕ್ಕಿಕೊಂಡಾಗೆಲ್ಲ ಇನ್ನೆರಡು ಬೊಟ್ಟು ಬಿಡ್ತೇನೆ."

ಭಾನುವಾರ ಬೆಳಿಗ್ಗೆ ಎಂದಿನಂತೆ ಬಾಟಲಿಯನ್ನು ಕೋಣೆಯ ಮುಂದಿನ ಗ್ಯಾಲರಿಯ ಬಿಸಿಲಿಗಿಡಲು ಎತ್ತಿಕೊಂಡೆ. ಚಳಿಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಇವರು ಬಂದೂಕಿನ ಮೊಳೆ ತುಂಬುವ ಗೂಡನ್ನು ಬಿಚ್ಚಿಟ್ಟುಕೊಂಡಿದ್ದರು. ಅದರ ಮೂಲೆಮೂಲೆಯಲ್ಲೂ ಅದೇ ಬಿಳಿ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಸವತಿ ಕಾಂದಿವಲಿಯವನ ಪಾಲಾಗುತ್ತಿದ್ದಳು. ಆದರೆ ಇವರು ಚಹಾ ಮುಟ್ಟದೆ, ಮುಖ ಬಾಡಿಸಿಕೊಂಡು ಅದರ ಮುಂದೆ ಕೂತಿದ್ದರು. ನನಗೆ ಜ್ವರ ಬಂದಾಗಲೂ ಹೀಗೆ ಕೂತವರಲ್ಲ. ನೋಡಲಾಗಲಿಲ್ಲ, ಸಿಟ್ಟೂ ತಡೆಯಲಾಗಲಿಲ್ಲ. ಬಾಟಲಿಯನ್ನು ಅವರೆದುರು ಕುಕ್ಕಿದೆ.

"ನೋಡಿ, ನಿಮ್ಮ ಮೊಳೆ ಹೂತುಹೋದದ್ದು ಇದ್ರಲ್ಲಿ. ಬೆಳಿಗ್ಗೆ ಗಟ್ಟಿ ಆಗ್ತದೆ, ಮಧ್ಯಾಹ್ನ ಕರಗ್ತದೆ. ಅದಕ್ಕೆಂತ ಸ್ಪ್ರಿಂಗ್ ಬದಲಿಸುದು?"

ಇವರು ಬಾಟಲಿ ನೋಡಿದರು, ಗೂಡು ನೋಡಿದರು. ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದು ಒರೆಸಿ, ಪಕ್ಕದ ಮನೆಯಿಂದ ಹೊಲಿಗೆ ಯಂತ್ರದ ತೆಳು ಎಣ್ಣೆ ತಂದು ಸವರಿದರು. ಮೊಳೆಯ ಸಾಲು ಸರ್ರನೆ ಮುಂದಕ್ಕೆ ಜಾರಿತು.

ಸೋಮವಾರ ಸಂಜೆ ಮೆಟ್ಟಿಲಿನಿಂದಲೇ ಕೂಗಿದರು, "ಮೊದಲ ಒತ್ತಿಗೇ ಹೊಡೀತು!" ಬಂದೂಕು ಇವರಿಗೇ ಉಳಿಯಿತು. ಕೈಯಲ್ಲೊಂದು ಪುಟ್ಟ ಡಬ್ಬಿ. ಯಂತ್ರದ ಎಣ್ಣೆಯಂತೆ, ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲವಂತೆ. ನನ್ನ ಎಣ್ಣೆ ಇನ್ನು ನನಗೇ ಎಂದು ಸಮಾಧಾನಪಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಬಾಟಲಿಯನ್ನು ಬಿಸಿಲಿಗಿಟ್ಟು ಒಲೆಯ ಕಡೆ ಹೋದೆ. ನಮ್ಮ ಗ್ಯಾಲರಿಯಲ್ಲಿ ಬಿಸಿಲು ಬೀಳುವುದು ಒಂದು ಗೇಣು ಜಾಗಕ್ಕೆ. ತಿರುಗಿ ಬಂದು ನೋಡಿದರೆ ಬಾಟಲಿ ನೆರಳಿಗೆ ಸರಿದಿತ್ತು. ಆ ಒಂದು ಗೇಣು ಬಿಸಿಲಿನಲ್ಲಿ, ಎಂಥ ಚಳಿಗೂ ಹೆಪ್ಪುಗಟ್ಟದ ಎಣ್ಣೆಯ ಡಬ್ಬಿ ಕೂತಿತ್ತು.