ಪುಟ್ಟಿಯ ಪಾಲು

ಪುಟ್ಟ, ಪುಟ್ಟಿ ಅವಳಿ ಮಕ್ಕಳು. ಇಬ್ಬರ ತಲೆಯಲ್ಲೂ ನರೆ ಇಣುಕಿದ್ದರೂ ಅಮ್ಮನ ಬಾಯಲ್ಲಿ ಇನ್ನೂ ಅವೇ ಹೆಸರುಗಳು. ಕೊಂಚ ಮೊದಲು ಹುಟ್ಟಿದ್ದಕ್ಕೆ ಪುಟ್ಟಿ ಅಕ್ಕ. ಆ ಅಕ್ಕತನದಿಂದ ಅವಳಿಗೆ ಎಳ್ಳಷ್ಟೂ ಲಾಭವಾಗಿರಲಿಲ್ಲ. ಜಗಳವೇ ಬೇಡವೆಂದು ಅಮ್ಮ ಮೊದಲಿಂದಲೂ ಎಲ್ಲವನ್ನೂ ನಟ್ಟನಡುವೆ ಕತ್ತರಿಸಿ ಹಂಚಿದವಳು. ಬ್ರೆಡ್ಡು, ರಬ್ಬರು, ಕೊನೆಗೆ ಬೈಗುಳವೂ ಸಮಪಾಲು.

ಮನೆಯ ಕೆಳಗೇ ಅವರ ಕುಶನ್ ಅಂಗಡಿ. ಹಳೇ ಸೋಫಾಗಳ ಬಟ್ಟೆ ಕಿತ್ತು, ಒಳಗಿನ ಫೋಮ್ ಬದಲಿಸಿ, ಹೊಸ ಹೊದಿಕೆ ಹೊಲಿದು ಕೊಡುವ ಕೆಲಸ. ಅಲ್ಲಿ ಪಾಲು ಮಾಡಲಾಗದ ವಸ್ತು ಒಂದೇ, ತೀರಿಹೋದ ಅಪ್ಪನ ದೊಡ್ಡ ಕತ್ತರಿ. ಅದು ಯಾರ ಕೈಯಲ್ಲಿದೆಯೋ ಅವರು ಕಟಿಂಗ್ ಮೇಜಿನ ಒಡೆಯರು. ಇನ್ನೊಬ್ಬರು ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಬೇಕು. ಇಬ್ಬರೂ ಸರದಿಯ ಮೇಲೆ ಹಿಡಿಯುತ್ತಿದ್ದರು. ಪುಟ್ಟಿ ಹಿಡಿದರೆ ಬಟ್ಟೆ ತಾನಾಗಿ ಬಾಯಿಬಿಡುತ್ತಿತ್ತು. ಪುಟ್ಟ ಹಿಡಿದರೆ ಅಂಚು ಸೊಟ್ಟ. ಇದು ಗಿರಾಕಿಗಳಿಗೂ ಗೊತ್ತಿದ್ದ ಸಂಗತಿ.

ಒಂದು ಮಧ್ಯಾಹ್ನ ಯಾರದೋ ಸಿಗರೇಟಿನ ಕಿಡಿ ಬಿದ್ದು ಗಿರಾಕಿಯ ಸೋಫಾ ಹೊಗೆಯಾಡಿತು. ಇಬ್ಬರೂ ಸೇದುವವರೇ, ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು. ಅಮ್ಮ ಬಕೆಟ್ ನೀರು ಸುರಿದು, ಕತ್ತರಿಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದಳು.

"ಇನ್ನು ಸರದಿಗಿರದಿ ಏನೂ ಇಲ್ಲ. ಯಾರು ಸೇದೋದು ಬಿಡ್ತಾರೋ ಅವರಿಗೇ ಕತ್ತರಿ."

ಪುಟ್ಟಿ ಒಳಗೊಳಗೇ ಹಿಗ್ಗಿದಳು. ಪುಟ್ಟ ಮೀಸೆ ಮೂಡುವ ಮೊದಲೇ ಸೇದಲು ಕಲಿತವನು. ತಾನೋ ಎಷ್ಟೋ ವರ್ಷದ ಮೇಲೆ, ಅವನ ಪ್ಯಾಕಿನಿಂದಲೇ ಕದ್ದು ಶುರುಮಾಡಿದವಳು. ಕೆಲವೇ ತಿಂಗಳಲ್ಲಿ ಅವನ ಸಮಕ್ಕೆ ಬಂದದ್ದೇನೋ ನಿಜ. ಆದರೂ ಹಳೇ ಚಟ ಅವನದು ತಾನೇ, ಒದ್ದಾಡಲಿ ಎಂದುಕೊಂಡಳು.

ಅಮ್ಮ ಬೀದಿ ಕೊನೆಯ ಕ್ಲಿನಿಕ್ಕಿನಿಂದ ಚಟ ಬಿಡಿಸುವ ನಿಕೋಟಿನ್ ಗಮ್ ತಂದಳು. ದಿನವೂ ಬೆಳಿಗ್ಗೆ ಗಮ್ ಗುಳಿಗೆಗಳ ಒಂದು ಹಾಳೆ ತೆಗೆದು, ನಡುವೆ ಕತ್ತರಿಸಿ, ಅತ್ತ ಅರ್ಧ ಇತ್ತ ಅರ್ಧ ಕೊಡುತ್ತಿದ್ದಳು. ಪುಟ್ಟ ಅದನ್ನು ಅಗಿಯುತ್ತ ಶಿಳ್ಳೆ ಹಾಕುತ್ತ ಓಡಾಡಿದ. ಪುಟ್ಟಿಯ ಪಾಲು ಮಧ್ಯಾಹ್ನದೊಳಗೆ ಖಾಲಿ. ಆಮೇಲೆ ದಾರ ಕಚ್ಚಿದಳು, ಸೂಜಿ ಮುರಿದಳು, ಗಿರಾಕಿಗಳ ಮೇಲೆ ಸಿಡುಕಿದಳು. ಹಲ್ಲು ಕಚ್ಚಿ ತಡೆದವಳು ಮುಟ್ಟು ಹತ್ತಿರ ಬಂದಾಗ ಸೋತು, ಹಿತ್ತಿಲ ಬಾಗಿಲಲ್ಲಿ ನಿಂತು ಒಂದು ಹಚ್ಚಿದಳು. ಅಮ್ಮನ ಮೂಗು ಅಂಥಿಂಥದ್ದಲ್ಲ. ಮಾರನೆಯ ದಿನ ಕತ್ತರಿ ಪುಟ್ಟನ ಕೈಯಲ್ಲಿತ್ತು.

"ನೋಡಿ ಕಲಿ. ಮನಸ್ಸು ಅಂದ್ರೆ ಹೀಗಿರಬೇಕು," ಎಂದಳು ಅಮ್ಮ.

ಪುಟ್ಟಿಗೆ ಮೈಯೆಲ್ಲ ಉರಿಯಿತು. ಒಂದೇ ಹೊಟ್ಟೆಯಲ್ಲಿ ಬೆಳೆದು, ಒಂದೇ ತಟ್ಟೆಯಲ್ಲಿ ಉಂಡು, ಮನಸ್ಸು ಮಾತ್ರ ಅವನಿಗೆ ಗಟ್ಟಿಯದು ಸಿಕ್ಕಿತೇ? ಮುಂದಿನ ತಿಂಗಳೂ ಅದೇ ಹೊತ್ತಿಗೆ ಎಡವಿದಳು. ಅವನು ಸೊಟ್ಟ ಕತ್ತರಿಸಿದ್ದನ್ನು ನೆಟ್ಟಗೆ ಹೊಲಿಯುವ ಗ್ರಹಚಾರ ಬೇರೆ. ಹೊಟ್ಟೆಕಿಚ್ಚು ತಡೆಯಲಾರದೆ ಒಂದು ದಿನ ಅವನ ಕೋಟಿನ ಜೇಬಿಗೆ ಸಿಗರೇಟ್ ಪ್ಯಾಕ್ ತುರುಕಿದಳು. ಸೇದಲಿ, ಸಿಕ್ಕಿಬೀಳಲಿ!

ಸಂಜೆ ಅವನು ಪ್ಯಾಕನ್ನು ಯಂತ್ರದ ಮೇಲಿಟ್ಟ. "ಅಕ್ಕ, ನಿಂದು ನನ್ನ ಕೋಟಲ್ಲಿ ಸೇರ್ಕೊಂಡಿತ್ತು ನೋಡು." ಅಮ್ಮನಿಗೂ ಹೇಳಲಿಲ್ಲ. ಒಂದೂ ಕಮ್ಮಿಯಾಗಿರಲಿಲ್ಲ. ಅವನು ಸೇದಿದ್ದರೆ ಅವಳು ಅವನನ್ನು ಮುದ್ದಾಡಿಬಿಡುತ್ತಿದ್ದಳು.

ಗಮ್ ಮುಗಿದಿತ್ತು. ತರಲು ಹೋದ ಪುಟ್ಟಿಯನ್ನು ಕ್ಲಿನಿಕ್ಕಿನ ನರ್ಸ್ ಕೂರಿಸಿಕೊಂಡು, ಯಾವಾಗ ಎಡವಿದಿರಿ, ಗಮ್ ಹೇಗೆ ತಗೊಳ್ತೀರಿ ಎಂದೆಲ್ಲ ಕೇಳಿದಳು. ಸಮಪಾಲಿನ ಕಥೆ ಕೇಳಿ ಹಣೆ ಚಚ್ಚಿಕೊಂಡಳು.

"ಇದೇನು ಕೇಕಾ, ಅರ್ಧರ್ಧ ಮಾಡೋಕೆ? ಹೆಣ್ಣಿನ ಮೈಲಿ ಈಸ್ಟ್ರೋಜನ್ ಅಂತ ಹಾರ್ಮೋನ್ ಜಾಸ್ತಿ ಇರತ್ತೆ. ಅದಿದ್ರೆ ನಿಕೋಟಿನ್ ಬೇಗ ಕರಗೋಗತ್ತೆ. ನಿಮ್ಮ ತಮ್ಮನಿಗೆ ಇನ್ನೂ ಉಳಿದಿರೋವಾಗ ನಿಮಗೆ ಖಾಲಿ. ಮುಟ್ಟಿಗೆ ಮುಂಚೆ ಹಾರ್ಮೋನ್ ಏರಿಳಿದು ಕೆಲವರಿಗೆ ಹಂಬಲ ಹೆಚ್ಚಾಗತ್ತೆ. ಎಲ್ಲರಿಗೂ ಅಂತಲ್ಲ, ನಿಮಗೆ ಹಾಗೇ ಕಾಣ್ಸತ್ತೆ. ನಿಮಗೆ ಎಷ್ಟು ಬೇಕೋ ನಾನು ಹೇಳ್ತೀನಿ."

"ಹಾಗಾದ್ರೆ ನನ್ನ ತಮ್ಮನ ಮನಸ್ಸೇನೂ ಗಟ್ಟಿಯಿಲ್ಲ ಅಲ್ವಾ?" ಪುಟ್ಟಿ ಆಸೆಯಿಂದ ಕೇಳಿದಳು.

"ಅದೂ ಗಟ್ಟಿ ಇದ್ದೀತು," ಎಂದು ನರ್ಸ್ ನಕ್ಕಳು. ಪುಟ್ಟಿಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಹಾಳೆಯನ್ನು ಮಡಿಸಿ ನಡು ಹುಡುಕುತ್ತಿದ್ದಾಗ ಪುಟ್ಟಿ ಅವಳ ಕೈ ಹಿಡಿದಳು.

"ಅಮ್ಮ, ನಡುವೆ ಬೇಡ. ನಂಗೆ ಜಾಸ್ತಿ ಬೇಕು. ನರ್ಸೇ ಹೇಳಿದಾರೆ."

ಅಮ್ಮ ಕಣ್ಣು ಕಣ್ಣು ಬಿಟ್ಟಳು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಯಾರೂ ಆಡದ ಮಾತದು. ಕಟಿಂಗ್ ಮೇಜಿನಿಂದ ಪುಟ್ಟ ತಲೆಯನ್ನೂ ಎತ್ತದೆ ಹೇಳಿದ:

"ಪೂರ್ತಿ ಅವಳಿಗೇ ಕೊಡಮ್ಮ. ನಂಗೆ ಮೊದಲ ವಾರದ ಮೇಲೆ ಬೇಕಾಗೇ ಇರ್ಲಿಲ್ಲ. ಕೊಡ್ತಿದ್ಯಲ್ಲ ಅಂತ ಸುಮ್ನೆ ಅಗೀತಿದ್ದೆ."

ಸುಮ್ನೆ! ಹಿತ್ತಿಲ ಬಾಗಿಲಲ್ಲಿ ಅವಳು ಕಡ್ಡಿ ಗೀರಿದ ದಿನವೂ ಇವನು ಮೇಜಿನ ಹತ್ತಿರ ಸುಮ್ಮನೆ ಅಗಿಯುತ್ತಿದ್ದ. ಪುಟ್ಟಿಗೆ ಆ ಹಾಳೆಯನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಅಮ್ಮನ ಕೈಯಿಂದ ಇಡೀ ಹಾಳೆ ಕಿತ್ತುಕೊಂಡು, ಒಂದನ್ನು ಬಾಯಿಗೆ ಹಾಕಿಕೊಂಡು, ಅವನ ಕೈಯ ಕತ್ತರಿ ಸದಾ ಕಣ್ಣೆದುರಿಗಿರುವಂತೆ ಯಂತ್ರವನ್ನು ತಿರುಗಿಸಿ ಕೂತಳು.